ಚಿತ್ರ ತೆಗೆದವರ ಸಹಿ

ನರ್ಸರಿಯವನ ಸಹಿ ಅರ್ಧಕ್ಕೆ ಬಂದಿತ್ತಷ್ಟೆ, ಸಂಪಾದಕಿ ಕಾಗದದ ಮೇಲೆ ಬೆರಳಿಟ್ಟು ತಡೆದಳು.

ಬೆರಳಿಟ್ಟ ಸಾಲನ್ನು ಅವನು ಓದಿಯೇ ಇರಲಿಲ್ಲ. ‘ಈ ನಲವತ್ತು ಚಿತ್ರಗಳನ್ನು ನಾನೇ ತೆಗೆದಿದ್ದು, ಇವುಗಳ ಹಕ್ಕು ನನ್ನದೇ’ ಎಂದಿತ್ತು. ಎಳೆಸೊಪ್ಪನ್ನು ಮನೆಯಲ್ಲೇ ಬೆಳೆದು ತಿನ್ನುವವರಿಗೆ ಮೊಳಕೆಗಳ ಗುರುತು ಕಲಿಸುವ ಪುಸ್ತಕ ಅದು. ಮೂರು ಗಂಟೆಗೆ ಅಚ್ಚು ಶುರುವಾಗಬೇಕು. ಈಗ ಹನ್ನೆರಡೂ ಕಾಲು.

"ಇವನ್ನ ತೆಗೆದವರು ಯಾರು, ಸರ್?"

"ನರ್ಸರಿಯದೇ, ಮೇಡಂ."

"ನರ್ಸರಿ ಕ್ಯಾಮೆರಾ ಹಿಡಿಯೋದಿಲ್ವಲ್ಲ."

ಅವನು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತ ಕುಳಿತ. ತೊಟ್ಟಿಯ ಬಳಿ ಸಸಿತಟ್ಟೆಗಳನ್ನು ತೊಳೆಯುತ್ತಿದ್ದ ಹೆಂಡತಿ ತಿರುಗಿ ನೋಡದೆಯೇ ಹೇಳಿಬಿಟ್ಟಳು: "ಇವರ ಅಕ್ಕ ತೆಗೆದದ್ದು."

ಆರು ವರ್ಷಗಳ ಹಿಂದೆ ಗಿರಾಕಿಗಳ ಎದುರಿಗೇ ಅವನು ಅಕ್ಕನಿಗೆ, ಉಗುರಲ್ಲಿ ಮಣ್ಣಿಲ್ಲದವರಿಗೆ ನರ್ಸರಿಯಲ್ಲೇನು ಕೆಲಸ ಎಂದಿದ್ದ. ಆಕೆ ಅಂದೇ ಹೊರಟುಹೋದಳು. ಚಿತ್ರಗಳು ಮಾತ್ರ ಕಂಪ್ಯೂಟರಿನಲ್ಲಿ ಉಳಿದವು. ನರ್ಸರಿಯ ಫಲಕಕ್ಕೆ, ಕರಪತ್ರಕ್ಕೆ ಬಂದವು. ಒಡಹುಟ್ಟಿದವಳ ಚಿತ್ರಕ್ಕೂ ಅಪ್ಪಣೆ ಕೇಳುವುದುಂಟೇ ಎಂದುಕೊಂಡಿದ್ದ. ತೆಗೆದವರ ಸಹಿಯಿಲ್ಲದೆ ಒಂದು ಎಲೆಯೂ ಅಚ್ಚಾಗದು, ಇಲ್ಲವಾದರೆ ಬೇರೆ ನರ್ಸರಿಯನ್ನು ಹುಡುಕಬೇಕಾಗುತ್ತದೆ ಎಂದು ಸಂಪಾದಕಿ ಸಮಾಧಾನದಿಂದಲೇ ಹೇಳಿದಳು. ಪುಸ್ತಕ ಬರುತ್ತದೆಂದು ಅವನು ಊರೆಲ್ಲ ಸಾರಿಯಾಗಿತ್ತು.

ಒಂದು ಗಂಟೆಗೆ ಅವನೂ ಸಂಪಾದಕಿಯೂ ಅಕ್ಕನ ಫೋಟೋ ಸ್ಟುಡಿಯೋದ ಕಿರಿದಾದ ಮೆಟ್ಟಿಲು ಹತ್ತಿದರು. ಬಿಳಿ ಪರದೆಯ ಮುಂದೆ ಒಂದು ಸ್ಟೂಲು, ಅದರ ಎರಡೂ ಬದಿಗೆ ದೀಪ. ಅಕ್ಕನ ತಲೆ ಪೂರ್ತಿ ನರೆತಿತ್ತು. ಬಾಗಿಲಲ್ಲಿ ನಿಂತ ತಮ್ಮನನ್ನು ಆಕೆ ಅಡಿಯಿಂದ ಮುಡಿಯವರೆಗೆ ನೋಡಿದಳು.

"ಏನೋ, ಪಾಸ್‌ಪೋರ್ಟ್ ಫೋಟೋನಾ? ಎಂಟು ಕಾಪಿ ಕೊಡ್ತೀನಿ. ನಗೋ ಹಾಗಿಲ್ಲ."

ವಿಷಯವನ್ನೆಲ್ಲ ಸಂಪಾದಕಿಯೇ ಹೇಳಬೇಕಾಯಿತು. ಅಕ್ಕ ಕನ್ನಡಕ ಏರಿಸಿ, ಸಂಪಾದಕಿ ತಂದಿದ್ದ ಕರಡು ಪುಟಗಳನ್ನು ಒಂದೊಂದಾಗಿ ತಿರುವಿದಳು. ಗೋಡೆಯ ಗಡಿಯಾರ ಒಂದೂವರೆ ದಾಟಿತು. ಮೂವತ್ತೊಂದನೆಯ ಪುಟದಲ್ಲಿ ಕೈ ನಿಂತಿತು. ಆಕೆ ಪೆನ್ನು ಕೆಳಗಿಟ್ಟಳು.

"ಇದಕ್ಕೆ ನಾನು ಒಪ್ಪೋಲ್ಲ."

ಸೇಡು ತೀರಿಸಿಕೊಳ್ಳುತ್ತಿದ್ದಾಳೆ, ಅನ್ನಿಸಿತು ತಮ್ಮನಿಗೆ. ನನ್ನ ಮೇಲಿನ ಸಿಟ್ಟನ್ನು ಪುಸ್ತಕದ ಮೇಲೆ ತೋರಿಸಬೇಡ ಎಂದ. ಅಕ್ಕ, ಒಂದೇ ದಿನ ಸಾಲಾಗಿ ತೆಗೆದ ಈ ಆರು ಗಿಡಗಳ ಸಾಲಿನ ಮೊದಲ ಚಿತ್ರ ಎಲ್ಲಿ ಎಂದು ಕೇಳಿದಳು.

ಅದು ಬರೀ ಹೆಸರುಚೀಟಿಯ ಚಿತ್ರ, ಮಸುಕಾಗಿತ್ತು, ಅಳಿಸಿದೆ ಎಂದ ಅವನು.

"ನಾನು ಮೊದಲು ಚೀಟಿಯ ಫೋಟೋ ತೆಗೀತಿದ್ದೆ ಕಣೋ, ಆಮೇಲೆ ಗಿಡದ್ದು. ಪ್ರತಿಯೊಂದಕ್ಕೂ ಹಾಗೇ. ನೀನು ಮೊದಲ ಚೀಟಿ ಅಳಿಸ್ದೆ. ಗಿಡ ಮೊದಲು ಬಂತು, ಅದರ ಬೆನ್ನಿಗೇ ಮುಂದಿನ ಗಿಡದ ಚೀಟಿ ಬಂತು. ಮುಂದಿನ ಗಿಡದ ಹೆಸರು ಹಿಂದಿನದಕ್ಕೆ ಅಂಟಿಸ್ತಾ ಹೋಗಿದ್ದೀಯ."

ಸಂಪಾದಕಿ ಪುಟದ ಮೇಲೆ ಬಾಗಿದಳು. ಉದ್ದನೆಯ ಎರಡೆಲೆಯ ಹಸಿರು ಮೊಳಕೆ. ಅಡಿಯಲ್ಲಿ ‘ಪಾಲಕ್’ ಎಂದಿತ್ತು.

"ಹಾಗಾದರೆ ಇದು ಯಾವುದು?"

"ದತ್ತೂರಿ, ವಿಷದ ಉಮ್ಮತ್ತಿ. ಇವನು ಅಳಿಸಿದ್ದು ಇದರ ಚೀಟೀನೇ. ಹೂವಿಗೆ ಅಂತ ಬೆಳೀತಿದ್ವಿ. ಈ ವಯಸ್ಸಿನಲ್ಲಿ ಎರಡೂ ಅಕ್ಕತಂಗಿಯರ ಹಾಗಿರುತ್ವೆ."

ನರ್ಸರಿಯವನು ಆ ಪುಟವನ್ನು ಕಿಟಕಿಯ ಬೆಳಕಿಗೆ ಒಯ್ದ. ತೊಟ್ಟನ್ನು ನೋಡಿದ, ಮತ್ತೆ ನೋಡಿದ. ಇಪ್ಪತ್ತು ವರ್ಷ ಮಣ್ಣಲ್ಲಿ ಕೈಯಾಡಿಸಿದವನಿಗೆ ಅದನ್ನು ಗುರುತಿಸಲು ಈಗ ಒಂದು ಗಳಿಗೆಯೂ ಬೇಕಾಗಲಿಲ್ಲ. ಯಾರದೋ ಅಡುಗೆಮನೆಯ ಕಟ್ಟೆ ಕಣ್ಣಮುಂದೆ ಬಂತು: ಯಾರೋ ಈ ಪುಟವನ್ನು ಪಕ್ಕಕ್ಕಿಟ್ಟುಕೊಂಡು ಕತ್ತರಿಯಿಂದ ಎಳೆಸೊಪ್ಪು ಕೊಯ್ಯುತ್ತಿದ್ದರು.

ಸಂಪಾದಕಿ ಆಗಲೇ ಮೆಟ್ಟಿಲಿಗೆ ಹೋಗಿ ಫೋನು ಹಚ್ಚಿದ್ದಳು. ಅಚ್ಚು ನಿಲ್ಲಿಸಿ ಎಂದು ಎರಡು ಸಲ ಹೇಳಿದ್ದು ಒಳಗೆ ಕೇಳಿಸಿತು.

"ಅಕ್ಕಾ," ಎಂದ ಅವನು.

ಆಕೆ ಆ ಸಾಲಿನ ಆರೂ ಪುಟಗಳನ್ನು ಬೇರೆ ಮಾಡಿ ಅವನತ್ತ ತಳ್ಳಿದಳು. ಸಂಪಾದಕಿ ತಂದಿದ್ದ ಹೊಸ ಒಪ್ಪಿಗೆಪತ್ರದಲ್ಲಿ ಸಹಿ ಹಾಕುವ ಜಾಗ ಖಾಲಿಯಾಗಿಯೇ ಇತ್ತು. ಇವನ್ನು ಹೊಸದಾಗಿ ತೆಗೆಯಬೇಕು, ಆಮೇಲೆ ನಲವತ್ತಕ್ಕೂ ಒಟ್ಟಿಗೆ ಸಹಿ ಎಂದಳು.

"ಯಾರು ತೆಗೀತಾರೆ?"

"ನಿನಗೆ ಬರುತ್ತಾ?"

ಅವನು ಇಲ್ಲವೆಂದು ತಲೆಯಾಡಿಸಿದ.

"ಬೀಜ ಹಾಕು ಹೋಗು. ಹತ್ತನೇ ದಿನ ಬರ್ತೀನಿ. ಬೆಳಿಗ್ಗೆ ಏಳೂವರೆ ಆದಮೇಲೆ ಅಲ್ಲಿ ಬೆಳಕು ಕೆಡುತ್ತೆ, ತಟ್ಟೆ ಸಿದ್ಧವಾಗಿರಲಿ."

ಮರುದಿನ ಮುಂಜಾನೆ ನರ್ಸರಿಯವನು ಆರು ತಟ್ಟೆಗಳಿಗೆ ಮಣ್ಣು ತುಂಬಿ, ಬೀಜವಿಟ್ಟು, ಒದ್ದೆ ಗೋಣಿತಾಟು ಹೊದಿಸಿದ. ಒಳಗೆ ಹೋಗದೆ, ಅಕ್ಕ ಹೇಳಿದ ಬೆಳಕನ್ನು ನೋಡುತ್ತ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತ. ಏಳೂ ಇಪ್ಪತ್ತಕ್ಕೆ ಪಕ್ಕದ ಮರದ ನೆರಳು ಕೊನೆಯ ತಟ್ಟೆಯ ಅಂಚನ್ನು ಮುಟ್ಟಿತು. ಎದ್ದು, ಅದನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಗೇಣು ಬಿಸಿಲಿನತ್ತ ಸರಿಸಿದ.