ಎರಡು ಪೆಟ್ಟಿಗೆಗಳ ನಡುವೆ ಒಂದು ಪೇಪರು

ಸದ್ದು ತೆಳ್ಳಗಾಗಿದೆ, ಗೋಡೆ ಬದಿಯ ಜೇನುಪೆಟ್ಟಿಗೆಯದು, ಕಿವಿ ತಾಗಿಸಿದರೆ ಮಾತ್ರ ಕೇಳುತ್ತದೆ, ಪಕ್ಕದ ಮನೆಯವರು ದನಿ ತಗ್ಗಿಸಿ ಮಾತಾಡಿಕೊಂಡ ಹಾಗೆ, ಹೂವಿನ ಕಾಲದಲ್ಲಾದರೆ ಅಡುಗೆಮನೆಯಲ್ಲಿ ನಿಂತಿದ್ದರೂ ಇಬ್ಬರಿಗೂ ಕೇಳುತ್ತಿತ್ತು — ಇಬ್ಬರಿಗೂ ಅಂತೆ, ನಾಲಿಗೆಗೆ ಇನ್ನೂ ಅಭ್ಯಾಸ ತಪ್ಪಿಲ್ಲ, ಅಕ್ಕ ಗಂಡನ ಮನೆಗೆ ಹೋದ ಮೇಲೂ ಬೆಳಿಗ್ಗೆ ಚಹಾಕ್ಕೆ ಎರಡು ಲೋಟದ ನೀರನ್ನೇ ಇಡುತ್ತೇನೆ, ಆಮೇಲೆ ಹಟ ಹಿಡಿದು ಎರಡನ್ನೂ ನಾನೇ ಕುಡಿಯುತ್ತೇನೆ. ಮೋಡ ಕಟ್ಟಿದೆ, ಮಳೆ ಹಿಡಿದರೆ ಹೂವಿಲ್ಲ, ಹೂವಿಲ್ಲದಿದ್ದರೆ ಸಕ್ಕರೆ ನೀರೇ ಗತಿ, ಈ ಪೆಟ್ಟಿಗೆಯಲ್ಲಿ ಮೂರು ಮೇಣದ ಎರಿ ಮುಚ್ಚುವಷ್ಟೂ ನೊಣವಿಲ್ಲ, ಪಕ್ಕದ್ದರಲ್ಲೂ ಅಷ್ಟೇ, ಬೇರೆ ಬೇರೆ ಬಿಟ್ಟರೆ ಮಳೆ ಮುಗಿಯುವುದರೊಳಗೆ ಎರಡೂ ಸಾಯುತ್ತವೆ, ಕೂಡಿಸಿದರೆ ಒಂದಾದರೂ ಉಳಿಯುತ್ತದೆ, ಉಳಿದದ್ದು ಮುಂದಿನ ಹೂವಿಗೆ ಮೈತುಂಬಿಕೊಂಡು ಪೆಟ್ಟಿಗೆಯ ಮೇಲಂತಸ್ತಿನಲ್ಲಿ ಜೇನು ಕಟ್ಟುತ್ತದೆ, ಇದೆಲ್ಲ ನನಗೆ ಗೊತ್ತಿಲ್ಲವೇ, ಇಷ್ಟು ವರ್ಷ ನೊಣಗಳ ಜತೆಗೇ ಬದುಕಿದವಳಿಗೆ. ಕೂಡಿಸುವುದೇನು ಬ್ರಹ್ಮವಿದ್ಯೆಯಲ್ಲ, ಒಂದರ ಮೇಲೊಂದು ಪೆಟ್ಟಿಗೆ, ನಡುವೆ ಹಳೇ ಪೇಪರಿನ ಒಂದು ಹಾಳೆ, ಸೂಜಿಯಿಂದ ಅಲ್ಲಲ್ಲಿ ತೂತು, ಹಾಗೇ ಸುರಿದುಬಿಟ್ಟರೆ ಕಚ್ಚಾಡಿ ಸಾಯುತ್ತವೆ, ಹಾಳೆ ಇದ್ದರೆ ಎರಡೂ ಕಡೆಯಿಂದ ಕಡಿಯುತ್ತಾ ಕಡಿಯುತ್ತಾ ಒಬ್ಬರ ವಾಸನೆ ಇನ್ನೊಬ್ಬರಿಗೆ ಹತ್ತಿ, ತೂತು ದೊಡ್ಡದಾಗುವ ಹೊತ್ತಿಗೆ ಒಂದೇ ಮನೆಯವರಾಗಿಬಿಟ್ಟಿರುತ್ತವೆ. ಆದರೆ ಒಂದು ಮನೆಗೆ ಎರಡು ರಾಣಿ ಇರುವಂತಿಲ್ಲ, ಒಂದನ್ನು ಮೊದಲೇ ಚಿವುಟಬೇಕು, ಚಿವುಟುವವಳು ಯಾವತ್ತೂ ಅಕ್ಕ, ನಾನು ಹೊಗೆ ಹಾಕುವವಳು, ಸರಿಯಾಗಿ ಆ ಹೊತ್ತಿಗೇ ನನಗೆ ಕೆಮ್ಮು ಬಂದು ಆಚೆ ತಿರುಗಿಬಿಡುತ್ತಿದ್ದೆ.

ರಾಣಿಯನ್ನು ಹುಡುಕುವ ಕಣ್ಣೂ ಅವಳದೇ, ನೊಣ ಮುತ್ತಿದ ಎರಿಯನ್ನು ಬಿಸಿಲಿಗೆ ಹಿಡಿದು, ಇಲ್ಲಿದ್ದಾಳೆ ನೋಡೇ ಮಹಾರಾಣಿ ಅನ್ನುವಳು, ಎಲ್ಲೇ ಅನ್ನುವೆ ನಾನು, ಅದಕ್ಕೇ ಒಂದು ಸಲ ಪೇಟೆಯಿಂದ ಉಗುರಿನ ಬಣ್ಣ ತಂದಳು, ಕೆಂಪಿನದು, ಬೆನ್ನ ಮೇಲೆ ಒಂದು ಚುಕ್ಕೆ ಇಟ್ಬಿಟ್ರೆ ನಿನ್ನಂಥ ಕುರುಡಿಗೂ ಕಾಣುತ್ತೆ ಅಂತ. ವರ್ಷವೆಲ್ಲ ಹೀಗೇ, ಹೂವಿಗೆ ಮೊದಲು ಪ್ರತಿ ಎರಿಯ ಅಂಚನ್ನೂ ತಡಕಿ, ಹೊಸ ರಾಣಿಗಾಗಿ ಕಟ್ಟಿದ ಕೋಣೆ ಕಂಡರೆ ಮುರಿಯಬೇಕು, ಇಲ್ಲದಿದ್ದರೆ ಅರ್ಧ ಸಂಸಾರ ಹಾರಿಹೋಗುತ್ತದೆ, ಸೂರ್ಯಕಾಂತಿ ಅರಳಿದರೆ ಸಂಜೆ ಪೆಟ್ಟಿಗೆಗಳ ಬಾಯಿ ಮುಚ್ಚಿ ಆ ಹೊಲಗಳಿಗೆ ಒಯ್ಯಲು ಲಾರಿಗೆ ಏರಿಸಬೇಕು, ಲಾರಿಯವನದು ಪ್ರತಿ ವರ್ಷ ಅದೇ ಮಾತು, ನಿಮ್ಮ ಪ್ಯಾಸೆಂಜರ್‌ಗಳಿಗೆ ಟಿಕೆಟ್ ಯಾರು ಕೊಡ್ತಾರೆ ಮೇಡಂ, ಅಕ್ಕ ಪ್ರತಿ ವರ್ಷ ಅದಕ್ಕೇ ನಗುವಳು, ಹಳಸಿದ ಜೋಕಿಗೆ ಯಾರಾದರೂ ಅಷ್ಟು ನಗುತ್ತಾರೆಯೇ, ಆವಾಗಲೇ ತಿಳಿಯಬೇಕಿತ್ತು ನನಗೆ. ತಿಳಿದದ್ದು ಅವಳ ಉಗುರು ನೋಡಿದ ಮೇಲೆ, ಜೇನು ತೆಗೆಯುವ ದಿನ, ನಾನು ಯಂತ್ರದ ಹಿಡಿ ತಿರುಗಿಸುತ್ತಿದ್ದೇನೆ, ಅವಳು ಎರಿಯ ಮೇಲಿನ ಮೇಣ ಸವರುತ್ತಿದ್ದಾಳೆ, ಹತ್ತೂ ಬೆರಳು ಕೆಂಪು, ಏನೇ ಇದು, ಉಳಿದಿತ್ತು ಕಣೇ, ಒಣಗಿಹೋಗುತ್ತಲ್ಲ ಅಂತ ಹಚ್ಕೊಂಡೆ, ಅರವತ್ತರ ಹತ್ತಿರದ ಮುಖ ಉಗುರಿಗಿಂತ ಕೆಂಪಾಗಿತ್ತು. ಮದುವೆಗೆ ಸಾಕ್ಷಿ ಸಹಿ ಹಾಕಿದವಳು ನಾನೇ, ತುಂಬಾ ಸಂತೋಷ ಅಂತ ಕಂಡಕಂಡವರಿಗೆಲ್ಲ ಹೇಳಿದೆ, ಸಂತೋಷವೂ ಇಲ್ಲ ಮಣ್ಣೂ ಇಲ್ಲ, ಹೊಟ್ಟೆ ಉರಿದುಹೋಗಿತ್ತು, ಅದೇ ಲಾರಿಯಲ್ಲಿ ಅವಳ ಟ್ರಂಕು ಹೋಯಿತು, ಮುಂದಿನ ಸೀಟಿನಲ್ಲಿ ಕೂತು ಕೈ ಬೀಸಿದಳು, ಧೂಳು ಇಳಿದ ಮೇಲೂ ನಾನು ಗೇಟು ಹಾಕಿರಲಿಲ್ಲ. ಈ ಸಲ ಹೂವಿಗೆ ಮೊದಲು ಒಬ್ಬಳೇ ತಡಕಿದೆ, ರಾಣಿಯ ಕೋಣೆಗಳು ಕಣ್ಣಿಗೆ ಬೀಳಲಿಲ್ಲ, ಒಂದು ಬೆಳಿಗ್ಗೆ ಪಕ್ಕದ ಪೆಟ್ಟಿಗೆಯಿಂದ ಗುಂಪು ಎದ್ದು ನೀರಿನ ಟ್ಯಾಂಕಿನ ಮೇಲೆ ಸ್ವಲ್ಪ ಹೊತ್ತು ಕೂತು ಹೋಗಿಯೇಬಿಟ್ಟಿತು, ಹೋಗುವವರು ಹೀಗೇ, ಸ್ವಲ್ಪ ಹೊತ್ತು ಕೂತು ಹೋಗುತ್ತಾರೆ.

ಇವತ್ತು ಮಧ್ಯಾಹ್ನ ಫೋನ್ ಮಾಡಿದೆ, ಯಾವ ರಾಣಿನ ತೆಗೀಲಿ ಅಕ್ಕಾ ಅಂತ, ಯಾವುದು ಅಂತ ಗೊತ್ತಿತ್ತು, ತಡಿ ನಾನೇ ಬರ್ತೀನಿ ಅಂದಾಳೇನೋ ಅಂತ ಕೇಳಿದ್ದು. ಅದರಲ್ಲಿ ಕೇಳೋದೇನಿದೆ, ಹಳೇದನ್ನ ತೆಗಿ, ಅದು ಮೊಟ್ಟೆ ಇಡೋದು ಯಾವಾಗ್ಲೋ ಕಮ್ಮಿ ಆಗಿದೆ, ಒಂದು ನಿಮಿಷದ ಕೆಲಸ. ಹಿಂದಿನಿಂದ ಭಾವನ ದನಿ, ಉಪ್ಪು ಎಲ್ಲಿಟ್ಟೆ ಅಂತ, ಸಕ್ಕರೆ ಡಬ್ಬಿ ಹಿಂದೆ ನೋಡ್ರೀ ಅಂದಳು, ಎಷ್ಟು ಮೆತ್ತಗೆ ಅಂದಳು. ಆಮೇಲೆ ನನಗೆ, ನೀನೂ ಇಲ್ಲಿಗೇ ಬಂದ್ಬಿಡೇ, ಪೆಟ್ಟಿಗೆಗಳನ್ನ ಯಾರಿಗಾದ್ರೂ ಕೊಡು, ಹಿಂದಿನ ರೂಮು ಖಾಲಿ ಬಿದ್ದಿದೆ. ಹೋಗಬಹುದಿತ್ತು, ಗಂಡ ಹೆಂಡತಿ ಮತ್ತು ನಾನು, ನಡುವೆ ಎಷ್ಟು ದಪ್ಪದ ಪೇಪರು ಹಾಕುತ್ತಾಳೋ. ನೋಡೋಣ ಅಕ್ಕ, ಅಂದೆ.

ಗೋಡೆ ಬದಿಯ ಪೆಟ್ಟಿಗೆಯ ಮುಚ್ಚಳ ತೆಗೆದೆ, ಹೊಗೆ ಕೊಟ್ಟೆ, ಎರಡನೆಯ ಎರಿಯಲ್ಲೇ ಸಿಕ್ಕಿಬಿಟ್ಟಳು ಮುದುಕಿ, ಬೆನ್ನ ಮೇಲಿನ ಕೆಂಪು ಅರ್ಧ ಉದುರಿದೆ, ಇಷ್ಟು ದಿನ ಕಾಣದವಳು ಇವತ್ತೇ ಕಾಣಬೇಕೆ, ಸುತ್ತ ನಾಲ್ಕಾರು ನೊಣ ಮುಖ ಅವಳ ಕಡೆ ಮಾಡಿ ನಿಂತಿವೆ, ತಿನ್ನಿಸುವವು, ಮೈ ನೆಕ್ಕುವವು, ಹೆಬ್ಬೆರಳು ತೋರುಬೆರಳ ನಡುವೆ ಹಿಡಿದೆ, ಕಾಲುಗಳು ಬೆರಳನ್ನು ಒತ್ತುತ್ತಿವೆ, ಒತ್ತು, ಒಂದು ನಿಮಿಷದ ಕೆಲಸ, ಒತ್ತೇ — ಕೆಮ್ಮು ಬರಲಿಲ್ಲ, ಬಂದಿದ್ದರೂ ತಿರುಗಿ ನಿಲ್ಲಲು ಬೆನ್ನ ಹಿಂದೆ ಚಿವುಟುವವರು ಯಾರಿದ್ದರು, ಜೇಬಿನ ಬೆಂಕಿಪೊಟ್ಟಣದ ಕಡ್ಡಿಯನ್ನೆಲ್ಲ ನೆಲಕ್ಕೆ ಚೆಲ್ಲಿ ಅವಳನ್ನು ಅದರೊಳಗೆ ಬಿಟ್ಟೆ. ಪಕ್ಕದ ಪೆಟ್ಟಿಗೆಯ ಮೇಲೆ ಹಾಳೆ ಹಾಸಿದೆ, ಈ ಪೆಟ್ಟಿಗೆಯನ್ನು ಎತ್ತಿ ಅದರ ಮೇಲಿಟ್ಟೆ, ಇಬ್ಬರು ಎತ್ತುವ ಭಾರವನ್ನು ಎದೆಗೆ ಅವಚಿಕೊಂಡು ಒಬ್ಬಳೇ ಎತ್ತಿದೆ, ಸೊಂಟ ಹಿಡಿದುಕೊಂಡಿತು, ಆದರೂ ಪೆಟ್ಟಿಗೆ ನೆಟ್ಟಗೆ ಕೂತಿತು, ಅಕ್ಕ ನೋಡಿದ್ದರೆ ಒಂದು ತಪ್ಪೂ ಹುಡುಕಲಾಗುತ್ತಿರಲಿಲ್ಲ. ಈಗ ಅಡುಗೆಮನೆ, ದೀಪ ಹಾಕಿದ್ದೇನೆ, ಪೊಟ್ಟಣ ತೆರೆದು ಅವಳನ್ನು ಅಂಗೈಗೆ ಬಿಟ್ಟುಕೊಂಡಿದ್ದೇನೆ, ಒಂದು ಹನಿ ಜೇನು ಇಟ್ಟರೆ ಮೂಸಿಯೂ ನೋಡಲಿಲ್ಲ, ಬೇರೆಯವರು ಬಾಯಿಗಿಟ್ಟದ್ದನ್ನೇ ತಿಂದು ಅಭ್ಯಾಸ, ಕೊಡುವವರಿಲ್ಲದೆ ನಾಳೆ ನಾಡಿದ್ದಕ್ಕೆ ಮುಗಿಯುತ್ತದೆ, ಇದೂ ನನಗೆ ಗೊತ್ತು, ಫೋನು, ಅಕ್ಕ, ಆಯ್ತೇನೇ, ಆಯ್ತು, ಕೈ ನಡುಗಿತಾ, ಇಲ್ಲ, ನೋಡಿದ್ಯಾ, ಇನ್ನು ನಾನು ಬೇಕಾಗೇ ಇಲ್ಲ ನಿನಗೆ, ಅಂದು ನಗುತ್ತಾಳೆ, ಅತ್ತ ಕಡೆ ತಟ್ಟೆ ಇಡುವ ಸದ್ದು, ಹೂಂ ಅನ್ನುತ್ತೇನೆ, ಮುದುಕಿ ಕಿರುಬೆರಳ ತುದಿಯವರೆಗೆ ನಡೆದು, ಅಲ್ಲಿ ಯಾರೂ ಇಲ್ಲ, ತಿರುಗಿ ಅಂಗೈಗೆ ಬಂದು, ಉಂಗುರದ ಬೆರಳ ತುದಿಯವರೆಗೆ, ಅಲ್ಲೂ ಯಾರೂ ಇಲ್ಲ, ತಿರುಗಿ ಅಂಗೈಗೆ —