ಅರ್ಧಕ್ಕೆ ಒತ್ತಿದ ಗುಂಡಿ

ಮತ್ತೆ ಮಿಟುಕುತ್ತಿದೆ ಹಸಿರು ಚುಕ್ಕಿ, ಕ್ಯಾಮೆರಾ ಕಿಂಡಿಯ ಕೆಳಗಿನ ಅಂಚಿನಲ್ಲಿ, ಸಾಸಿವೆಕಾಳಿನಷ್ಟು, ಮಿಟುಕಿದರೆ ಫೋಕಸ್ ಸಿಕ್ಕಿಲ್ಲ, ನಿಂತರೆ ಸಿಕ್ಕಿತು, ಅಷ್ಟೇ ಅದಕ್ಕೆ ಬರುವ ಭಾಷೆ — ಲೆನ್ಸು ಗುರ್ರೆಂದು ಮುಂದಕ್ಕೆ ಹೋಗುತ್ತದೆ, ತುದಿ ಮುಟ್ಟುತ್ತದೆ, ಗುರ್ರೆಂದು ಹಿಂದಕ್ಕೆ ಬರುತ್ತದೆ, ಕತ್ತಲಲ್ಲಿ ಗೋಡೆ ತಡವುವ ಮುದುಕಿಯ ಹಾಗೆ, ಏನೂ ಸಿಗುವುದಿಲ್ಲ, ಹೇಗೆ ಸಿಕ್ಕೀತು, ಕಿಂಡಿಯ ನಡುವಿನ ಫೋಕಸ್ ಚೌಕವನ್ನು ಬಿಳಿ ಬಟ್ಟೆಯ ಮೇಲೆ ಹಿಡಿದಿದ್ದೇನೆ, ಬಿಳಿ ಬಟ್ಟೆಯ ಮೇಲೆ ಹಿಡಿಯಬಾರದೆಂದು ನನಗೆ ಗೊತ್ತು, ಸಂಜೆ ಕಾಲೇಜಿನ ಮೊದಲ ವಾರವೇ ಫೋಟೋಗ್ರಫಿ ಮೇಷ್ಟ್ರು ಹೇಳಿದ್ದರು, ಬರೀ ಗೋಡೆ ಬರೀ ಆಕಾಶ ಬರೀ ಬಟ್ಟೆ ತೋರಿಸಿದ್ರೆ ಕ್ಯಾಮೆರಾಗೆ ಕಣ್ಣು ಕಾಣಲ್ಲಮ್ಮ, ಅದಕ್ಕೊಂದು ಗೆರೆ ಕೊಡಬೇಕು — ಗೆರೆ ಕೊಡುತ್ತೇನೆ, ಈಗ ಕೊಡುತ್ತೇನೆ, ಒಂದು ನಿಮಿಷ. ಮುಖಕ್ಕೆ ತಗೊಳಿ ಮೇಡಂ, ಬಟ್ಟೆ ಫೋಟೋ ಯಾಕೆ, ಅದನ್ನ ಒಗೆಯೋರಿಗೆ ಬಿಡಿ, ಎನ್ನುತ್ತಾನೆ ಅಳಿಯ, ಮೇಜಿನ ಆಚೆ ಕೈಗವಸು ಹಾಕಿಕೊಂಡು ನಿಂತು, ಶವಾಗಾರದ ಜವಾನ, ಮಾವ ನಿವೃತ್ತನಾದ ಮೇಲೆ ಅದೇ ಕೆಲಸಕ್ಕೆ ಬಂದವನು, ಅದಕ್ಕೇ ಇಡೀ ಆಸ್ಪತ್ರೆಗೆ ಅಳಿಯ, ಹುಡುಗಿ ಜೊತೆ ಇದನ್ನೂ ಕೊಟ್ರು ಮೇಡಂ, ಬೇಡ ಅಂದ್ರೆ ಹುಡುಗಿ ಸಿಗ್ತಿರಲಿಲ್ಲ ಎಂದು ತಾನೇ ನಗುತ್ತಾನೆ, ನಾನೂ ನಗುತ್ತೇನೆ, ಪ್ರತಿ ಸಲ ನಗುತ್ತೇನೆ, ಇವತ್ತೂ ನಕ್ಕೆನೇ, ನಕ್ಕಿರಬೇಕು.

ಕನ್ನಡಕ ಏಪ್ರನ್ನಿನ ಜೇಬಿನಲ್ಲಿದೆ, ಮುಟ್ಟಿ ನೋಡಿಕೊಳ್ಳುತ್ತೇನೆ, ಇದೆ. ಈ ಕೋಣೆಯ ಬಾಗಿಲಲ್ಲೇ ಕನ್ನಡಕ ತೆಗೆದುಬಿಡುವುದು ಕೆಲಸಕ್ಕೆ ಸೇರಿದ ದಿನದಿಂದ ನನ್ನ ರೂಢಿ, ತೆಗೆದರೆ ಮೇಜು ಒಂದು ಬೂದು ಪಟ್ಟಿ, ಮೇಲಿರುವವರು ಒಂದು ಬಿಳಿ ಉಬ್ಬು, ಮುಖ ಒಂದು ಹಿಟ್ಟಿನ ಉಂಡೆ, ಕ್ಯಾಮೆರಾದ ಕಿಂಡಿಗೆ ಮಾತ್ರ ನನ್ನ ಪವರಿನ ಗಾಜು ಹಾಕಿಸಿಕೊಂಡಿದ್ದೇನೆ, ಹಾಗಾಗಿ ಸತ್ತವರನ್ನು ನಾನು ನೋಡುವುದು ಫೋಕಸ್ ಸಿಕ್ಕಾಗ ಮಾತ್ರ, ಒಂದು ಕ್ಷಣ, ಚಕ್, ಮುಗಿಯಿತು, ಅಮ್ಮ ಕೇಳುತ್ತಿದ್ದಳು ಮೊದಮೊದಲು, ಅಷ್ಟೊಂದು ಹೆಣ ನೋಡಿ ಅದು ಹೇಗೆ ಊಟ ಸೇರತ್ತೆ ನಿಂಗೆ, ನಾನೆಲ್ಲಿ ನೋಡ್ತೀನಮ್ಮ ಕ್ಯಾಮೆರಾ ನೋಡತ್ತೆ ಎಂದಿದ್ದೆ, ಪಕ್ಕದಿಂದ ನನ್ನ ತಮ್ಮ, ಅಮ್ಮ ಅಕ್ಕನ್ನ ನಂಬಬೇಡ, ಅವಳು ಬಾಗಿಲು ಹಾಕಿದೀನೋ ಇಲ್ವೋ ಅಂತ ನೋಡೋಕೆ ಬಾಗಿಲು ತೆಗೆಯೋಳು. ನಿಜ, ಹಾಗೇ ಮಾಡುತ್ತೇನೆ, ಫಿಲಂ ಹಾಕಿದ್ದೇನೆಯೇ ಎಂದು ಎಷ್ಟು ಸಲ ಕ್ಯಾಮೆರಾದ ಮೇಲಿನ ಅಂಕಿಪಟ್ಟಿ ನೋಡುವುದು, ಈಗಲೂ ನೋಡುತ್ತೇನೆ, ಇದೆ, ಬ್ಯಾಟರಿಯ ಗುರುತು ಪೂರ್ತಿ ಕಪ್ಪಗಿದೆ, ಖಾಲಿಯಾಗಿದ್ದರೆ, ಬ್ಯಾಟರಿ ಖಾಲಿಯಾಗಿದ್ದರೆ ಈ ಕ್ಯಾಮೆರಾ ಒಂದು ಕಲ್ಲು, ಹಳೆಯದರ ಹಾಗಲ್ಲ, ಹೋಗಿ ಬ್ಯಾಟರಿ ತರ್ತೀನಿ ಎಂದು ಹೊರಗೆ ನಡೆಯಬಹುದಿತ್ತು, ಆದರೆ ನಿನ್ನೆಯಷ್ಟೇ ಹೊಸದು ಹಾಕಿದ್ದೇನೆ, ಮುಂಜಾಗ್ರತೆಗೆ, ನನ್ನ ಮುಂಜಾಗ್ರತೆಗೆ ಬೆಂಕಿ ಹಾಕ.

ಕಾಲುವೆಯಲ್ಲಿ ಸಿಕ್ಕಿದ್ದು ಮೇಡಂ, ತೂಬಿನ ಗೇಟಿನ ಹತ್ತಿರ, ಗಂಡು, ಮೂವತ್ತರ ಆಚೆಈಚೆ ಇರಬೇಕು, ನೀರು ಕುಡಿದು ಊದಿದೆ, ಮುಖ ತೊಳೆದಿದೀನಿ, ಜೇಬಲ್ಲಿ ಚೀಟಿ ಪಾಟಿ ಏನೂ ಇಲ್ಲ, ಬೆಲ್ಟಿಗೆ ಒಂದು ಕೀ ಇತ್ತು ನೋಡಿ, ವಿಚಿತ್ರ, ಮೂರು ಮೂಲೆ ಇದೆ ಅದಕ್ಕೆ, ಯಾವ ಬೀಗಕ್ಕೋ ಏನೋ — ಅಂದಿದ್ದ ಅಳಿಯ, ಬೆಳಗಿನ ಚಹಾ ಲೋಟ ನನ್ನ ಕೈಗೆ ಕೊಡುತ್ತಾ ಅಂದಿದ್ದ, ಚಹಾದ ಮೇಲೆ ಕೆನೆ ಕಟ್ಟಿತು, ನಾನು ಕೆನೆಯನ್ನೇ ನೋಡಿದೆ. ಮೂರು ಮೂಲೆಯ ಕೀಲಿ ಲಿಫ್ಟಿನದೇ ಆಗಬೇಕೆಂದಿಲ್ಲ, ಮೀಟರ್ ಪೆಟ್ಟಿಗೆಗೂ ಅದೇ, ರೈಲಿನ ಗಾರ್ಡುಗಳ ಹತ್ತಿರವೂ ಇರುತ್ತದೆ, ನೀರಿನ ಇಲಾಖೆಯವರ ಹತ್ತಿರವೂ ಇರಬೇಕು, ಇರಬೇಕು, ನಮ್ಮ ಮನೆಯಲ್ಲಿ ಎಲ್ಲರಿಗೂ ಈ ಇರಬೇಕು ಒಂದು ರೋಗ. ತಮ್ಮ ಲಿಫ್ಟ್ ಮೆಕ್ಯಾನಿಕ್ಕು. ಹೋದ ವಾರ ಒಂದು ಬೆಳಿಗ್ಗೆ, ಬರ್ತೀನಿ ಅಕ್ಕ ಎಂದು ಹೋದವನು ಬಂದಿಲ್ಲ, ಬರ್ತೀನಿ ಅಂದ, ಹೋಗ್ತೀನಿ ಅನ್ನಲಿಲ್ಲ, ಅದನ್ನೇ ಹಿಡಿದುಕೊಂಡಿದ್ದೇನೆ ನಾನು, ಅಮ್ಮನಿಗೂ ಅದನ್ನೇ ಹೇಳಿದ್ದು, ಬರ್ತೀನಿ ಅಂದಿದಾನಮ್ಮ, ಅಮ್ಮ ದಿನಾ ಅವನ ತಟ್ಟೆ ತೊಳೆದು ಬೋರಲು ಹಾಕುತ್ತಾಳೆ, ಬಳಸದ ತಟ್ಟೆಯನ್ನು ಯಾಕೆ ತೊಳೆಯುತ್ತಾಳೋ, ಧೂಳು ಕೂತಿರತ್ತೆ ಕಣೆ ಎನ್ನುತ್ತಾಳೆ, ಬಂದ ತಕ್ಷಣ ಹಸಿವು ಅಂತಾನೆ ಅವನು, ಆಗ ತೊಳೀತಾ ಕೂರಲಾ.

ಸಿಕ್ತಾ ಮೇಡಂ? ಇಲ್ಲ, ಸ್ವಲ್ಪ ತಡಿ, ಇದು ಹುಡುಕ್ತಾ ಇದೆ. ಹುಡುಕಲಿ, ಹುಡುಕುತ್ತಿರಲಿ, ಇದರ ಗುಣವೇ ಅದು, ಸಿಗುವವರೆಗೂ ಕ್ಲಿಕ್ಕಾಗುವುದಿಲ್ಲ, ಗುಂಡಿ ಎಷ್ಟು ಒತ್ತಿದರೂ ಇಲ್ಲ, ಅರ್ಧ ಒತ್ತಿದರೆ ಹುಡುಕುತ್ತದೆ, ಪೂರ್ತಿ ಒತ್ತಿದರೂ ಹುಡುಕುತ್ತಲೇ ಇರುತ್ತದೆ. ಕೆಲಸಕ್ಕೆ ಸೇರಿದಾಗ ನಮ್ಮ ಇಲಾಖೆಯವರು ಈ ಕ್ಯಾಮೆರಾ ಕೊಟ್ಟ ದಿನ ಮನೆಗೆ ತಂದಿದ್ದೆ, ಕೆಡಿಸಿಬಿಡ್ತೀನಿ ಅನ್ನೋ ಭಯ, ಕಾಲೇಜಿನ ಹಳೆಯದರಲ್ಲಿ ಎಲ್ಲ ಕೈಯಲ್ಲೇ, ನಡುವೆ ಒಂದು ವೃತ್ತ, ವೃತ್ತದಲ್ಲಿ ಎರಡು ತುಂಡಾದ ಮುಖ, ಲೆನ್ಸಿನ ಬಳೆ ತಿರುಗಿಸಿ ತುಂಡು ಎರಡನ್ನೂ ಕೂಡಿಸಬೇಕು, ತಪ್ಪಿದರೆ ನನ್ನ ಕೈ ತಪ್ಪಿತು, ಇದರಲ್ಲಿ ತಪ್ಪಿದರೆ ಯಾರದು, ಎಂದು ಅಳುಮುಖ ಮಾಡಿಕೊಂಡು ಕೂತಿದ್ದಾಗ ತಮ್ಮ ಕೈಪಿಡಿ ಕಿತ್ತುಕೊಂಡು ಓದಿದ, ಹುಬ್ಬು ಗಂಟಿಕ್ಕಿಕೊಂಡು, ಓದುವಾಗ ಯೋಚಿಸುವಾಗ ಉಣ್ಣುವಾಗಲೂ ಅವನ ಹುಬ್ಬು ಗಂಟು, ಗಂಟಿಕ್ಕೊಂಡೇ ಹುಟ್ಟಿದ್ದು ಇದು, ಸೂಲಗಿತ್ತಿನೇ ಹೆದರಿದಳು ಎನ್ನುತ್ತಾಳೆ ಅಮ್ಮ, ಹುಬ್ಬಿನ ನಡುವೆ ಎರಡು ಗೆರೆ, ಉಗುರಲ್ಲಿ ಗೀರಿದ ಹಾಗೆ ನೆಟ್ಟಗೆ, ಆಳವಾಗಿ — ಓದಿ ಮುಗಿಸಿ ಅಂದ, ಅಕ್ಕ ಇದರಲ್ಲಿ ಹೆದರೋಕೆ ಏನಿದೆ, ಇದು ನಮ್ಮ ಲಿಫ್ಟ್ ಥರಾನೇ, ಮಹಡಿ ಸಿಗೋವರೆಗೂ ಬಾಗಿಲು ತೆಗೆಯಲ್ಲ, ಸಿಕ್ಕಿತು ಅಂತ ದೀಪ ನಿಂತ್ರೆ ಮಾತ್ರ ತೆಗೆಯತ್ತೆ, ನಿನ್ನಂಥೋರಿಗೋಸ್ಕರಾನೇ ಮಾಡಿರೋದು. ಮತ್ತೆ ಇದೇನೋ, ಲೆನ್ಸಿನ ಪಕ್ಕ ಈ ಸಣ್ಣ ಕಡ್ಡಿ? ಅದನ್ನ ಕೆಳಕ್ಕೆ ತಳ್ಳಿದ್ರೆ ಬೀಗ ತೆಗೆದ ಹಾಗೆ, ಮಹಡಿ ಇರಲಿ ಇಲ್ಲದಿರಲಿ ಬಾಗಿಲು ತೆರೆಯತ್ತೆ, ಅದನ್ನ ಮುಟ್ಟಬೇಡ.

ಮುಟ್ಟಿಲ್ಲ. ಈಗ ತಳ್ಳಿದರೆ ಸಾಕು, ಕೈಯಿಂದ ಬಳೆ ತಿರುಗಿಸಿ ಹೇಗೋ ಒಂದು ಹೊಡೆದು ಹೋಗಿಬಿಡಬಹುದು, ಬೆರಳು ಕಡ್ಡಿಯ ಮೇಲಿದೆ, ತಳ್ಳುವುದಿಲ್ಲ, ಮಹಡಿ ಇಲ್ಲದೆ ತೆರೆದ ಬಾಗಿಲು ಏನೆಂದು ನಮ್ಮ ಮನೆಗೆ ಗೊತ್ತು. ತಮ್ಮನ ಜೊತೆಯವನು, ಅವನಿಗೆ ಕೆಲಸ ಕಲಿಸಿದ ಹಿರಿಯ, ನಮ್ಮ ಮನೆಗೂ ಬರುತ್ತಿದ್ದ, ಅಮ್ಮನ ಕೈಯ ಚಹಾಕ್ಕೆ ಸಕ್ಕರೆ ಕಡಿಮೆ ಎಂದು ಪ್ರತಿ ಸಲ ಜಗಳ — ಬಾಗಿಲು ಎಳೆದ, ತೆರೆಯಿತು, ಒಳಗೆ ಕಾಲಿಟ್ಟ, ಒಳಗೆ ಲಿಫ್ಟಿರಲಿಲ್ಲ. ಬಾಗಿಲಿಗೆ ಬೀಗ ಬೀಳದ ಹಾಗೆ ಒಂದು ತುಂಡು ವೈರು ಸಿಕ್ಕಿಸಿತ್ತಂತೆ, ಪರೀಕ್ಷೆ ಮಾಡುವಾಗ ಸಿಕ್ಕಿಸಿ ಆಮೇಲೆ ತೆಗೆಯಬೇಕಾದ್ದು, ಯಾರು ಸಿಕ್ಕಿಸಿದರು ಎಂದು ಕಂಪನಿಯವರು ಕೇಳಿದರು, ಇಬ್ಬರಲ್ಲಿ ಒಬ್ಬ ಹೇಳುವ ಹಾಗಿರಲಿಲ್ಲ, ಇನ್ನೊಬ್ಬ, ನಾನೇ ಇರಬೇಕು ಸಾರ್ ಅಂದ. ಇರಬೇಕು. ನೀನೇ ಅಂತ ನೆನಪಿದೆಯೇನೋ ಎಂದರೆ, ಇಲ್ಲ ಅಕ್ಕ, ತೆಗೆದ ನೆನಪೂ ಇಲ್ಲ. ಆಮೇಲೆ ಗಂಟಿಕ್ಕಿದ ಹುಬ್ಬು ಬಿಡಿಸಲೇ ಇಲ್ಲ, ನಿದ್ದೆಯಲ್ಲೂ, ಅಮ್ಮ ಹೆಬ್ಬೆರಳಿಂದ ಆ ಎರಡು ಗೆರೆ ತೀಡುತ್ತಿದ್ದಳು, ಅವನು ಮಲಗಿದ ಮೇಲೆ, ಬಟ್ಟೆಯ ಸುಕ್ಕು ತೆಗೆಯುವ ಹಾಗೆ, ತೆಗೆಯೋಕಾಗತ್ತಾ.

ಮೇಡಂ, ಡಾಕ್ಟ್ರು ಕಾಯ್ತಾ ಇದಾರೆ, ಫೋಟೋ ಆದ ಮೇಲೇ ಅವರು ಕೈ ಹಾಕೋದು. ಗೊತ್ತು. ಮೊದಲು ನಂಬರ್ ಫಲಕಕ್ಕೆ ಹಿಡಿಯುತ್ತೇನೆ, ಎದೆಯ ಮೇಲಿಟ್ಟ ಕರಿ ಫಲಕ, ಬಿಳಿ ಅಂಕಿ — ಗುರ್ರ್, ಟಕ್, ಸಿಕ್ಕಿತು, ಚುಕ್ಕಿ ನಿಂತಿತು, ಅಂಕಿಗೆ ನೆಟ್ಟಗಿನ ಗೆರೆಗಳಿವೆಯಲ್ಲ, ಸಿಗದೆ ಏನು. ಬೆರಳನ್ನು ಅರ್ಧದಲ್ಲೇ ಹಿಡಿದು ಮುಖಕ್ಕೆ ಸರಿಸುತ್ತೇನೆ, ಬೆರಳು ಎತ್ತದಿದ್ದರೆ ಫೋಕಸ್ ಅಲ್ಲೇ ಇರುತ್ತದೆ, ಫಲಕದ ದೂರದಲ್ಲೇ, ಮುಖ ಅದಕ್ಕಿಂತ ಕೆಳಗಿದೆ, ಮಸುಕು, ಹಿಟ್ಟಿನ ಉಂಡೆ, ಈಗ ಒತ್ತಿದರೆ ತೆರೆಯುತ್ತದೆ, ಕ್ಯಾಮೆರಾದ ಲೆಕ್ಕದಲ್ಲಿ ಎಲ್ಲ ಸರಿ, ನಂಬರ್ ಸ್ಪಷ್ಟ ಮನುಷ್ಯ ಮಸುಕು, ಹೊಸಬರು ಮಾಡುವ ತಪ್ಪು, ಆ ಫೋಟೋ ಆಸ್ಪತ್ರೆ ಗೇಟಿನಲ್ಲಿ ಗುರುತು ಸಿಗದವರ ಬೋರ್ಡಿಗೆ ಹೋಗುತ್ತದೆ, ಗಾಜಿನ ಹಿಂದೆ, ಅಮ್ಮ ಬಂದು ಕಣ್ಣು ಕಿರಿದು ಮಾಡಿ ನೋಡುತ್ತಾಳೆ, ಇವನಲ್ಲ ಕಣೆ ಎನ್ನುತ್ತಾಳೆ, ಮನೆಗೆ ಹೋಗಿ ತಟ್ಟೆ ತೊಳೆಯುತ್ತಾಳೆ, ನಾಳೆಯೂ ತೊಳೆಯುತ್ತಾಳೆ, ಸಾಯುವವರೆಗೂ ತೊಳೆಯುತ್ತಾಳೆ — ಅದು ಒಳ್ಳೆಯದೋ ಕೆಟ್ಟದ್ದೋ, ಯಾರನ್ನು ಕೇಳಲಿ, ಮೇಷ್ಟ್ರನ್ನೇ ಕೇಳಲೇ. ಆ ಬೋರ್ಡಿನ ಮುಂದೆ ಒಂದು ಸಲ ಒಬ್ಬಾಕೆ ನಿಂತಿದ್ದಳು, ನನಗಿಂತ ಮುಂಚೆ ಇದ್ದವರು ತೆಗೆದ ಫೋಟೋ, ಮಸುಕು, ಗಾಜನ್ನು ಸೆರಗಿನಿಂದ ಒರೆಸುತ್ತಾಳೆ, ನೋಡುತ್ತಾಳೆ, ಮತ್ತೆ ಒರೆಸುತ್ತಾಳೆ, ಒರೆಸಿದರೆ ಮುಖ ಸ್ಪಷ್ಟವಾಗುವ ಹಾಗೆ, ನನ್ನನ್ನು ಕೇಳಿದಳು, ಅಮ್ಮಾ ನಿಮಗೇನಾದ್ರೂ ಸರಿಯಾಗಿ ಕಾಣತ್ತಾ. ಎತ್ತಿದೆ. ಬೆರಳು ಎತ್ತಿದೆ. ಚುಕ್ಕಿ ಆರಿತು.

ಸರಿ, ಮುಖಕ್ಕೆ. ಆದರೆ ಅಡ್ಡ ಹಿಡಿದೇ ನೋಡುತ್ತೇನೆ, ಉದ್ದಕ್ಕೆ ತಿರುಗಿಸುವುದಿಲ್ಲ. ಇದರ ಚೌಕಕ್ಕೆ ನೆಟ್ಟಗಿನ ಗೆರೆ ಮಾತ್ರ ಕಾಣುವುದು, ಮಲಗಿದ ಗೆರೆ ಕಾಣುವುದಿಲ್ಲ, ಅದನ್ನೂ ಕಂಡುಹಿಡಿದದ್ದು ತಮ್ಮನೇ, ಅವತ್ತು ಮನೆಯಲ್ಲಿ, ಕಪಾಟಿನ ಪುಸ್ತಕಗಳಿಗೆ ಹಿಡಿದರೆ ಟಕ್ಕೆಂದು ಸಿಗುತ್ತಿತ್ತು, ಕಿಟಕಿಯ ಅಡ್ಡಪಟ್ಟಿಗೆ ಹಿಡಿದರೆ ಸಿಗುತ್ತಿರಲಿಲ್ಲ, ಕ್ಯಾಮೆರಾ ತಿರುಗಿಸು ಅಕ್ಕ ಅಂದ, ತಿರುಗಿಸಿದೆ, ಕಿಟಕಿ ಸಿಕ್ಕಿತು, ಪುಸ್ತಕ ತಪ್ಪಿತು, ಇಬ್ಬರೂ ಮಕ್ಕಳ ಹಾಗೆ ಮನೆಯೆಲ್ಲ ತಿರುಗಿಸಿ ತಿರುಗಿಸಿ ನೋಡಿದೆವು. ಕೆಲಸಕ್ಕೆ ಬಂದ ಮೇಲೆ ನನಗೆ ತಿಳಿಯಿತು, ಸತ್ತವರ ಮುಖದಲ್ಲಿ ಎಲ್ಲ ಗೆರೆಯೂ ಮಲಗಿರುತ್ತದೆ, ಮುಚ್ಚಿದ ರೆಪ್ಪೆ ಅಡ್ಡ, ಮುಚ್ಚಿದ ತುಟಿ ಅಡ್ಡ, ಹಣೆಯ ಸುಕ್ಕು ಅಡ್ಡ, ಟ್ಯೂಬ್‌ಲೈಟಿನ ಸಪ್ಪೆ ಬೆಳಕಲ್ಲಿ ಮೂಗಿಗೂ ನೆರಳಿಲ್ಲ, ಅಡ್ಡ ಹಿಡಿದರೆ ಈ ಕ್ಯಾಮೆರಾಗೆ ಹೆಣ ಕಾಣುವುದೇ ಇಲ್ಲ, ಉದ್ದಕ್ಕೆ ತಿರುಗಿಸಿ ಫೋಕಸ್ ಹಿಡಿದು, ಬೆರಳು ಎತ್ತದೆ ವಾಪಸ್ ತಿರುಗಿಸಿ ತೆಗೆಯುತ್ತೇನೆ, ಎಲ್ಲರದೂ ಹಾಗೇ ತೆಗೆದದ್ದು, ಒಂದೂ ತಪ್ಪಿಲ್ಲ. ಇವತ್ತು ತಿರುಗಿಸುವುದಿಲ್ಲ, ತಿರುಗಿಸದಿದ್ದರೆ ಸಿಗುವುದಿಲ್ಲ, ಸಿಗದಿದ್ದರೆ ಇವನು ಯಾರೂ ಅಲ್ಲ, ಮೀಟರ್ ಓದುವವನು, ರೈಲಿನ ಗಾರ್ಡು, ಯಾರದೋ ಮನೆಯ ಮಗ, ಆ ಮನೆಯವರು ಕ್ಷಮಿಸಲಿ.

ಗಲ್ಲ. ಗುರ್ರ್, ಮುಂದಕ್ಕೆ, ಹಿಂದಕ್ಕೆ, ಮಿಟುಕುತ್ತಿದೆ, ಒಳ್ಳೆಯದು. ತುಟಿ. ಮಿಟುಕುತ್ತಿದೆ. ಕ್ಯಾಮೆರಾ ಕೆಟ್ಟಿದೆಯಾ ಮೇಡಂ, ಬೇಕಾದ್ರೆ ನಾನೊಂದು ತಟ್ಟು ತಟ್ಟಲಾ, ನಮ್ಮನೆ ರೇಡಿಯೋ ಹಾಗೇ ಸರಿಹೋಗೋದು. ಬೇಡ ಅಳಿಯ, ಇದು ಸರಿಯಾಗೇ ಇದೆ, ಸರಿಯಾಗೇ ಹುಡುಕ್ತಿದೆ, ಏನೂ ಇಲ್ಲ ಅಂತಿದೆ ಅಷ್ಟೇ — ಮೂಗು, ಮಿಟುಕುತ್ತಿದೆ, ಡಾಕ್ಟ್ರು ಹೇಳಿದ್ದರು, ಸತ್ತ ಮೇಲೆ ಸ್ನಾಯು ಎಲ್ಲ ಸಡಿಲ ಆಗತ್ತೆ, ಸಿಡುಕು ಮೋರೆಯವರೂ ಶಾಂತವಾಗಿ ಕಾಣ್ತಾರೆ, ಮನೆಯವರಿಗೇ ಎಷ್ಟೋ ಸಲ ಗುರುತು ಸಿಗಲ್ಲ, ಸಡಿಲವಾಗಿರಲಿ, ಎಲ್ಲ ಸಡಿಲವಾಗಿರಲಿ, ನೀರು ಊದಿಸಿರುತ್ತದೆ, ಊದಿದರೆ ಸುಕ್ಕು ಹೋಗುತ್ತದೆ, ಆದರೆ ವರ್ಷಗಟ್ಟಲೆ ಮಡಿಸಿಟ್ಟ ಬಟ್ಟೆಯ ಗೆರೆ ನೀರಿಗೆ ಹಾಕಿದರೂ — ರೆಪ್ಪೆ, ಅಡ್ಡ, ಮಿಟುಕುತ್ತಿದೆ, ನೋಡಿದೆಯಾ ಅಮ್ಮ, ಏನೂ ಇಲ್ಲ. ಅವತ್ತು ಕೊನೆಗೆ ಅವನ ಮುಖಕ್ಕೆ ಹಿಡಿದಿದ್ದೆ, ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿಕೊಂಡಿದ್ದ, ಸತ್ತವನ ಥರ ಕೂರ್ತೀನಿ ಅಕ್ಕ ಪ್ರಾಕ್ಟೀಸ್ ಮಾಡ್ಕೋ, ಥೂ ಬಿಡ್ತು ಅನ್ನು ಅಂದಳು ಅಮ್ಮ ಒಳಗಿನಿಂದ, ಅಡ್ಡ ಹಿಡಿದಿದ್ದೆ, ತಿರುಗಿಸಿರಲಿಲ್ಲ, ಆದರೂ ಟಕ್ಕೆಂದು ಸಿಕ್ಕಿಬಿಟ್ಟಿತು, ಹುಬ್ಬುಗಳ ನಡುವೆ, ಅವನು ಕಣ್ಣು ಮುಚ್ಚಿಕೊಂಡೇ ನಕ್ಕ, ನನ್ನ ಮುಖದಲ್ಲಿ ನೆಟ್ಟಗಿರೋದು ಅವೆರಡೇ ಅಕ್ಕ, ಮೂಗೂ ಸೊಟ್ಟ —

ಚೌಕ ರೆಪ್ಪೆಯಿಂದ ಸ್ವಲ್ಪ ಮೇಲಕ್ಕೆ, ಹುಬ್ಬಿನ ಕಡೆ ಜಾರಿತು, ನಾನು ಸರಿಸಲಿಲ್ಲ, ತಾನೇ ಜಾರಿರಬೇಕು, ಕ್ಯಾಮೆರಾ ಅಡ್ಡಕ್ಕೇ ಇದೆ, ತಿರುಗಿಸಿಲ್ಲ, ನಾನು ತಿರುಗಿಸಿಲ್ಲ —

ಟಕ್.

ಲೆನ್ಸು ನಿಂತಿತು. ಸಿಕ್ತಲ್ಲ ಮೇಡಂ, ಹೊಡೀರಿ ಮತ್ತೆ. ಬೆರಳು ಅರ್ಧದಲ್ಲಿದೆ, ಎತ್ತಿದರೆ ಮತ್ತೆ ಹುಡುಕುತ್ತದೆ, ಒತ್ತಿದರೆ ಬಾಗಿಲು ತೆರೆಯುತ್ತದೆ, ನೋಡಬಾರದು, ಚೌಕದ ಒಳಗೆ ನೋಡಬಾರದು, ಕೆಳಗೆ ನೋಡುತ್ತೇನೆ, ಅಂಚಿಗೆ, ಸಾಸಿವೆಕಾಳಿನಷ್ಟು, ಹಸಿರು, ಮಿಟುಕು, ಒಂದೇ ಒಂದು ಸಲ ಮಿಟುಕು, ಹಸಿರು ಚುಕ್ಕಿ, ನಿಂತಿದೆ, ನಿಂತೇ ಇದೆ