ಏಳನೆಯ ರೆಕಾರ್ಡು

ರೇಡಿಯೋ ಕೇಂದ್ರದಲ್ಲಿ ಅವಳಿಗೆ ತಕ್ಕಡಿಯಮ್ಮ ಎಂದು ಮೊದಲು ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಆದರೆ ಆ ಹೆಸರು ಅಂಟಿಕೊಂಡುಬಿಟ್ಟಿತ್ತು. ಬಾಗಿಲು ಕಾಯುವವನಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರೂ ಬೆನ್ನ ಹಿಂದೆ ಹಾಗೇ ಕರೆಯುತ್ತಿದ್ದರು. ಅದು ತನ್ನ ಕಿವಿಗೂ ಬಿದ್ದಿದೆ ಎಂದು ಅವಳು ಎಂದೂ ತೋರಿಸಿಕೊಂಡವಳಲ್ಲ.

ಶನಿವಾರ ಬೆಳಿಗ್ಗೆ ಅವಳದೊಂದು ಕಾರ್ಯಕ್ರಮ. ಯಾವುದಾದರೊಂದು ಪಿಯಾನೋ ಕಾನ್ಚೆರ್ಟೊ ಆರಿಸಿಕೊಳ್ಳುವುದು. ಅಂದರೆ ಒಂದು ಕಡೆ ಒಂಟಿ ಪಿಯಾನೋ, ಎದುರಿಗೆ ಇಡೀ ವಾದ್ಯವೃಂದ, ನಡುವೆ ಅವರ ಮಾತುಕತೆ, ಮುನಿಸು, ರಾಜಿ. ಅದನ್ನೇ ಬೇರೆ ಬೇರೆ ಕಲಾವಿದರು ನುಡಿಸಿದ ರೆಕಾರ್ಡುಗಳನ್ನು ಅಕ್ಕಪಕ್ಕ ಇಟ್ಟು, ತುಣುಕು ತುಣುಕಾಗಿ ಕೇಳಿಸಿ, ಇದು ಯಾಕೆ ಬೇಡ, ಅದು ಯಾಕೆ ಸಾಲದು ಎಂದು ಹೇಳುತ್ತ ಹೋಗಿ, ಕೊನೆಗೆ ‘ಮನೆಯಲ್ಲಿ ಒಂದೇ ಇಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ’ ಎಂದು ಒಂದನ್ನು ಎತ್ತಿ ಹಿಡಿಯುವುದು. ಅವಳ ಮಾತಿಗೆ ಬೆಲೆಯಿತ್ತು. ಅವಳು ಎತ್ತಿ ಹಿಡಿದ ರೆಕಾರ್ಡು ಸೋಮವಾರದ ಹೊತ್ತಿಗೆ ಅಂಗಡಿಗಳಲ್ಲಿ ಖಾಲಿಯಾಗುತ್ತಿತ್ತು. ಅವಳು ಮೂಗು ಮುರಿದದ್ದನ್ನು ಆಮೇಲೆ ಕೇಳುವವರಿರಲಿಲ್ಲ.

ಶುರುವಿನ ವರ್ಷಗಳಲ್ಲಿ, ಅದನ್ನು ಮುದ್ರಿಸಿಕೊಳ್ಳುವ ಗುರುವಾರ ಬಂತೆಂದರೆ ಅವಳಿಗೆ ಹಬ್ಬ. ಈಗ ಹಾಗಿರಲಿಲ್ಲ. ಈಚೀಚೆಗೆ ಸ್ಟುಡಿಯೋದ ಮೆಟ್ಟಿಲು ಹತ್ತುವಾಗಲೇ ಮೊಣಕಾಲು ಬೇಡ ಅನ್ನುತ್ತಿತ್ತು. ಹೆಡ್‌ಫೋನು ಹಾಕಿಕೊಂಡರೆ ಯಾರೋ ತಲೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದ ಹಾಗೆ. ಪಿಯಾನೋ ಬರುತ್ತಿತ್ತು, ಪಿಟೀಲುಗಳು ಬರುತ್ತಿದ್ದವು, ಹೋಗುತ್ತಿದ್ದವು, ರೈಲು ನಿಲ್ದಾಣದಲ್ಲಿ ಕೂತವಳ ಮುಂದೆ ತನ್ನದಲ್ಲದ ರೈಲುಗಳು ಬಂದು ಹೋದ ಹಾಗೆ. ಕಿವಿಯಲ್ಲೇ ಏನೋ ಎಡವಟ್ಟಾಗಿದೆ ಎಂದುಕೊಂಡು ವೈದ್ಯರಿಗೆ ತೋರಿಸಿದಳು. ಅವರು ಒಳಗೆ ದೀಪ ಬಿಟ್ಟು ನೋಡಿ, “ಕಿವಿ ಚೆನ್ನಾಗಿದೆ. ನೀವೊಂದಿಷ್ಟು ನಿದ್ದೆ ಮಾಡಿ,” ಎಂದು ಕಳಿಸಿದರು. ನಿದ್ದೆ ಮಾಡಿದಳು. ಎದ್ದಾಗಲೂ ಸುಸ್ತು ಅಲ್ಲೇ ಕೂತಿತ್ತು.

ಆ ವಾರದ ಪಾಳಿ ಮೊಜಾರ್ಟನ ಒಂದು ಕಾನ್ಚೆರ್ಟೊದ್ದು. ಅದನ್ನು ಒಂದು ಕಾಲದಲ್ಲಿ ತನ್ನ ಅಕ್ಕನೂ ನುಡಿಸಿ ರೆಕಾರ್ಡು ಮಾಡಿದ್ದಳು ಎಂಬುದು ಚಹಾ ಕುಡಿಯುವಾಗ ಒಮ್ಮೆ ನೆನಪಾಯಿತು, ಹಾಗೇ ಹೋಯಿತು. ಆ ರೆಕಾರ್ಡು ಹೊರತಂದ ಕಂಪನಿ ಬಾಗಿಲು ಹಾಕಿ ಯಾವ ಕಾಲವಾಯಿತೋ. ಮನೆಯಲ್ಲಿದ್ದ ಒಂದೇ ಪ್ರತಿಯನ್ನು ಯಾರೋ ಕೇಳಿ ತೆಗೆದುಕೊಂಡು ಹೋದವರು ತಿರುಗಿ ಕೊಟ್ಟಿರಲಿಲ್ಲ.

ಸ್ಟುಡಿಯೋದಲ್ಲಿ ಅವಳದೇ ಒಂದು ನಿಯಮ. ನುಡಿಸಿದವರು ಯಾರೆಂದು ಮೊದಲು ಅವಳಿಗೆ ಹೇಳಕೂಡದು. ಗಾಜಿನ ಆಚೆ ಕೂರುವ ತಂತ್ರಜ್ಞ, ಸದಾ ಗುಂಡಿಗಳ ಮೇಲೆ ಬೆರಳಾಡಿಸುತ್ತಾನೆಂದು ಗುಂಡಿರಾಯ ಎನ್ನಿಸಿಕೊಂಡವನು, ಉಗ್ರಾಣದಿಂದ ತಾನೇ ಆರಿಸಿ ತಂದು, ಬರೀ ಒಂದು, ಎರಡು ಎಂದು ಸಂಖ್ಯೆ ಹೇಳಿ ಹಾಕುತ್ತಿದ್ದ. ಅವಳು ಕೇಳಿ, ಅಲ್ಲೇ ಮೈಕಿನ ಮುಂದೆ ಅಭಿಪ್ರಾಯ ಹೇಳುತ್ತಿದ್ದಳು. ಹೆಸರು ಗೊತ್ತಾದರೆ ಕಿವಿ ಮುಖಸ್ತುತಿ ಶುರುಮಾಡುತ್ತದೆ ಎಂದು ಅವಳ ವಾದ.

ಏಳನೆಯದು ಶುರುವಾದಾಗ ಅವಳು ಗೋಡೆ ಗಡಿಯಾರ ನೋಡಿದಳು. ಪಿಯಾನೋ ಪ್ರವೇಶಿಸಿ ಸ್ವಲ್ಪ ದೂರ ನಡೆಯಿತು. ಅವಳು ಕೈ ಎತ್ತಿದಳು. ಗುಂಡಿರಾಯ ನಿಲ್ಲಿಸಿದ.

“ಇವರ ಬೆರಳು ಚುರುಕಾಗಿವೆ,” ಎಂದಳು ಮೈಕಿಗೆ. “ಪಾಠ ತಪ್ಪಿಲ್ಲದೆ ಒಪ್ಪಿಸಿದ್ದಾರೆ. ಆದರೆ ಒಪ್ಪಿಸಿದ್ದಾರೆ, ಅಷ್ಟೇ. ಏಳನೆಯದನ್ನು ಪಕ್ಕಕ್ಕಿಡೋಣ.”

ಕೊನೆಗೆ ನಾಲ್ಕನೆಯದು ಗೆದ್ದಿತು. ಅವಳು ಹೆಡ್‌ಫೋನು ತೆಗೆದು ಕಣ್ಣು ಉಜ್ಜಿಕೊಂಡಳು. ಗುಂಡಿರಾಯ ಎಂದಿನಂತೆ ಒಂದೊಂದೇ ರೆಕಾರ್ಡಿನ ರಟ್ಟನ್ನು ಗಾಜಿಗೆ ಹಿಡಿದು ತೋರಿಸುತ್ತ ಬಂದ. ದೊಡ್ಡ ಹೆಸರುಗಳಿದ್ದವು, ಅವಳು ಸುಮ್ಮನೆ ತಲೆಯಾಡಿಸಿದಳು. ಏಳನೆಯದು ಬಂತು. ಪಿಯಾನೋದ ಮುಂದೆ ಓರೆಯಾಗಿ ಕೂತ ಹುಡುಗಿ, ಕತ್ತರಿಸಿದ ಕೂದಲು, ಕಡುನೀಲಿ ಉಡುಪು. ಆ ಉಡುಪಿನ ಅಂಚು ಹೊಲಿದವಳು ತಾನೇ. ಫೋಟೋದವನು ಬರುವ ಗಡಿಬಿಡಿಯಲ್ಲಿ ಒಂದು ಕಡೆ ಹೊಲಿಗೆ ಸೊಟ್ಟಗಾಗಿತ್ತು.

ಅವಳು ಎದ್ದು ಗಾಜಿನ ಹತ್ತಿರ ಹೋದಳು.

“ಯಾಕೆ ಮೇಡಂ?” ಎಂದ ಗುಂಡಿರಾಯ.

“ಅದು ನಮ್ಮಕ್ಕ.”

ಅವನು ರಟ್ಟನ್ನು ತಿರುಗಿಸಿ ನೋಡಿದ, ಮುಖ ಸಣ್ಣದು ಮಾಡಿಕೊಂಡ. “ದೇವರಾಣೆ ಗೊತ್ತಿರ್ಲಿಲ್ಲ ಮೇಡಂ. ಹಳೇ ಕಪಾಟು ಖಾಲಿ ಮಾಡ್ತಾ ಸಿಕ್ತು, ಚೆನ್ನಾಗಿರಬಹುದು ಅಂತ ತಂದೆ. ಅದೊಂದನ್ನ ಕತ್ತರಿಸಿ ಹಾಕ್ಲಾ? ಏಳನ್ನ ತೆಗೆದು ಎಂಟನ್ನೇ ಏಳು ಅಂದ್ರಾಯ್ತು.”

“ಇವತ್ತು ಏನೂ ಮುಟ್ಟಬೇಡಿ. ಇನ್ನೊಂದ್ಸಲ ಹಾಕಿ, ಅಷ್ಟು ಸಾಕು.”

ಅವನು ಹಾಕಿದ. ಈಗ ಅದೇ ಸಾಲು ಎಷ್ಟು ಚೆನ್ನಾಗಿ ಕೇಳಿಸಿತೆಂದರೆ ಅವಳಿಗೆ ಭಯವಾಯಿತು. ಚೆನ್ನಾಗಿರುವುದು ನುಡಿಸಾಣಿಕೆಯೋ, ರಟ್ಟಿನ ಮೇಲಿನ ಮುಖವೋ? ಅದಕ್ಕಿಂತ ಕೆಟ್ಟ ಸಂಗತಿ ಇನ್ನೊಂದಿತ್ತು. ಚಿಕ್ಕಂದಿನಲ್ಲಿ ಅವಳು ಮಲಗುತ್ತಿದ್ದ ಕೋಣೆಗೂ ಪಿಯಾನೋ ಕೋಣೆಗೂ ಒಂದೇ ಗೋಡೆ. ಅಕ್ಕ ಸಿಟ್ಟಾಗಿದ್ದಾಳೋ, ಹಸಿದಿದ್ದಾಳೋ, ಅಪ್ಪನಿಂದ ಬೈಸಿಕೊಂಡು ಬಂದು ಕೂತಿದ್ದಾಳೋ, ಗೋಡೆಯ ಈಚೆಯಿಂದಲೇ ಹೇಳಿಬಿಡುತ್ತಿದ್ದಳು. ಅವಳ ಕಿವಿ ಕಿವಿಯಾದದ್ದೇ ಆ ಗೋಡೆಯ ಬುಡದಲ್ಲಿ. ಆ ಕಿವಿಗೆ ಇವತ್ತು ಅಕ್ಕನ ಗುರುತು ಸಿಗಲಿಲ್ಲ.

ರೆಕಾರ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದಳು.

ಅಕ್ಕ-ತಂಗಿ ಇಬ್ಬರೂ ಒಂದೇ ಮನೆಯಲ್ಲಿದ್ದರು, ಮೂರನೇ ಮಹಡಿಯಲ್ಲಿ. ಆ ರೆಕಾರ್ಡಾದ ಮೇಲೆ ಅಕ್ಕನಿಗೆ ಕೆಲವು ಕಛೇರಿಗಳು ಸಿಕ್ಕಿದ್ದವು, ಆಮೇಲೆ ಕಡಿಮೆಯಾದವು, ಆಮೇಲೆ ಬೆರಳ ಗೆಣ್ಣುಗಳು ಊದಿಕೊಳ್ಳತೊಡಗಿದವು. ಈಗ ಮುಂದಿನ ಕೋಣೆಯಲ್ಲಿ ಮಕ್ಕಳಿಗೆ ಸ್ವರಪಾಠ ಹೇಳಿಕೊಡುತ್ತಿದ್ದಳು. ತಂಗಿಯ ಕಾರ್ಯಕ್ರಮವನ್ನು ಅವಳು ತಪ್ಪದೆ ಕೇಳುತ್ತಿದ್ದಳು, ಅದರ ಬಗ್ಗೆ ಮಾತ್ರ ಒಂದು ಮಾತೂ ಆಡುತ್ತಿರಲಿಲ್ಲ.

ತಂಗಿ ಬಂದಾಗ ಅವಳು ಒಲೆಯ ಮುಂದೆ ನಿಂತು ಸೂಪು ಕಲಕುತ್ತಿದ್ದಳು. ತಂಗಿ ಮೇಜಿನ ಮೇಲಿಟ್ಟ ರೆಕಾರ್ಡು ಕಣ್ಣಿಗೆ ಬಿದ್ದು ಅವಳ ಕೈಯ ಸೌಟು ಹಾಗೇ ನಿಂತಿತು.

“ಅಯ್ಯೋ! ಇದೆಲ್ಲಿತ್ತೇ?”

“ಕೇಂದ್ರದ ಹಳೇ ಕಪಾಟಲ್ಲಿ.” ಕೋಟು ಬಿಚ್ಚದೆ ತಂಗಿ ಕುರ್ಚಿಯಲ್ಲಿ ಕುಸಿದಳು. “ಅಕ್ಕ, ಇವತ್ತು ಇದನ್ನ ಹಾಕಿದ್ರು. ಯಾರು ಅಂತ ಹೇಳಿರ್ಲಿಲ್ಲ.”

ಅಕ್ಕ ಒಲೆ ಆರಿಸಿದಳು. “ಏನಂದೆ? ಬೈದೆಯಾ?”

“ಬೈಯಲಿಲ್ಲ. ಪಕ್ಕಕ್ಕಿಟ್ಟೆ.”

“ಏನಂತ ಇಟ್ಟೆ?”

ತಂಗಿ ಮೈಕಿನ ಮುಂದೆ ಆಡಿದ ಮಾತನ್ನು ಹಾಗೆ ಹಾಗೇ ಹೇಳಿದಳು. ಅಕ್ಕ ಕೇಳಿಸಿಕೊಂಡಳು, ಆಮೇಲೆ ಇದ್ದಕ್ಕಿದ್ದಂತೆ ನಕ್ಕಳು.

“ಒಪ್ಪಿಸಿದ್ದಾರೆ! ಸರಿಯಾಗೇ ಹೇಳಿದೀಯ ಕಣೇ. ವಾದ್ಯವೃಂದ ನಡೆಸೋನು ಇದ್ನಲ್ಲ, ಆ ಮೀಸೆ, ಅವನು ಕೋಲೆತ್ತಿದ್ರೆ ನಂಗೆ ಶಾಲೆ ಮೇಷ್ಟ್ರು ಕೈ ಚಾಚು ಅಂದ ಹಾಗಾಗ್ತಿತ್ತು. ಮೊದಲನೇ ಭಾಗ ಪೂರ್ತಿ ಹೆದರ್ಕೊಂಡೇ ಬಾರಿಸಿದ್ದು.” ನಗು ಅಷ್ಟಕ್ಕೇ ನಿಂತಿತು. “ಎರಡನೇ ಭಾಗಕ್ಕೆ ಏನಂದೆ?”

ತಂಗಿ ಮೇಜಿನ ಮೇಲಿನ ರಟ್ಟನ್ನು ಮಗುಚಿ ಇಟ್ಟಳು.

“ಏನೇ?”

“ಕೇಳ್ಲಿಲ್ಲ ಅಕ್ಕ. ಅಷ್ಟು ಹೊತ್ತಿಗೆ ನಿಲ್ಲಿಸಿಬಿಟ್ಟಿದ್ದೆ.”

ಅಕ್ಕ ಒರೆಸುವ ಬಟ್ಟೆ ತೆಗೆದುಕೊಂಡು, ಒರೆಸಲು ಏನೂ ಇಲ್ಲದ ಮೇಜನ್ನು ಒರೆಸಿದಳು. “ನನ್ನ ಗುರುತು ಹಿಡೀಲಿಲ್ಲ ಅಂತ ನೀನು ಮೋರೆ ಇಳಿಬಿಟ್ಕೊಂಡಿದೀಯ. ಅದು ಬಿಡು. ಆ ಹುಡುಗಿ ಎದುರಿಗೆ ಬಂದ್ರೆ ನಂಗೇ ಗುರುತು ಸಿಗಲ್ಲ. ಆದ್ರೆ ಅರ್ಧ ಕೂಡ ಕೇಳ್ದೆ ಬೇಡ ಅಂದ್ಬಿಟ್ಟೆಯಲ್ಲ, ಯಾರದೋ ಆಗಿದ್ರೂ ಅದು ತಪ್ಪಲ್ವೇನೇ? ಎಲ್ಲರಿಗೂ ಹೀಗೇ ಮಾಡ್ತೀಯಾ?”

“ಈಚೆಗೆ... ಹೂಂ.”

“ಎಂದಿನಿಂದ?”

“ಗೊತ್ತಿಲ್ಲ. ಅಕ್ಕ, ನಂಗೆ ಸುಸ್ತಾಗಿದೆ. ತುಂಬಾ ಸುಸ್ತಾಗಿದೆ.”

ಈ ಮಾತನ್ನು ಅವಳು ವೈದ್ಯರಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿದ ಮೇಲೆ ಕೋಟಿನೊಳಗೆ ಇನ್ನಷ್ಟು ಚಿಕ್ಕವಳಾದಂತೆ ಕೂತಳು. ಅಕ್ಕ ಹತ್ತಿರ ಬಂದು, ಬಾಗದ ಬೆರಳುಗಳಿಂದಲೇ ಕೋಟಿನ ಗುಂಡಿ ಒಂದೊಂದಾಗಿ ಬಿಚ್ಚಿದಳು. ಬೈಗುಳ ಮಾತ್ರ ನಿಲ್ಲಲಿಲ್ಲ.

“ಸುಸ್ತಾದ್ರೆ ಮಲಗಬೇಕು, ಇಲ್ಲಾ ರಜೆ ಹಾಕಬೇಕು. ಯಾರ್ಯಾರೋ ಜೀವ ತೇದು ಬಾರಿಸಿದ್ದನ್ನ ಗುಡಿಸಿ ಹಾಕೋದಲ್ಲ. ಏಳು, ಒಳಗೆ ಬಾ.”

ಮುಂದಿನ ಕೋಣೆಯಲ್ಲಿ, ಮಕ್ಕಳ ಪುಟ್ಟ ಸ್ಟೂಲುಗಳ ನಡುವೆ, ಇಬ್ಬರೂ ಎರಡನೆಯ ಭಾಗ ಕೇಳಿದರು. ನಿಧಾನದ ಭಾಗ ಅದು. ಅಕ್ಕ ನುಡಿಸಿದ್ದು ಯಾರೋ ಒಬ್ಬರಿಗೇ, ಪಕ್ಕದಲ್ಲಿ ಕೂತವರಿಗೆ, ಮೆಲ್ಲಗೆ ಏನನ್ನೋ ವಿವರಿಸಿದ ಹಾಗಿತ್ತು. ಓಬೋ ಕೊಳಲು ಉತ್ತರ ಕೊಡುವಲ್ಲಿ ಒಂದು ಗುಟುಕಿನಷ್ಟು ತಡವಾಯಿತು.

“ಆ ಓಬೋದವನಿಗೆ ಹಿಂದಿನ ರಾತ್ರಿ ಮಗು ಹುಟ್ಟಿತ್ತು,” ಎಂದಳು ಅಕ್ಕ. “ಕಣ್ಣು ಮುಚ್ಚಿರ್ಲಿಲ್ಲ ಪಾಪ. ನಾವೆಲ್ಲ ಅವನಿಗೆ ಕಾದ್ಕೊಂಡು ಬಾರಿಸಿದ್ವಿ. ಮೀಸೆಯೂ ಕಾದ.”

ತಂಗಿಗೆ ರೋಮಾಂಚನವೇನೂ ಆಗಲಿಲ್ಲ. ಕಣ್ಣಲ್ಲಿ ನೀರೂ ಬರಲಿಲ್ಲ. ಆದರೆ ಮುಗಿಯುವವರೆಗೂ ಅವಳು ಗಡಿಯಾರದ ಕಡೆ ನೋಡಿರಲಿಲ್ಲ.

“ಹೇಗಿದೆ?” ಎಂದಳು ಅಕ್ಕ, ಬೇರೆ ಕಡೆ ನೋಡುತ್ತ.

“ಹೇಳಕ್ಕಾಗ್ತಿಲ್ಲ. ನೀನು ಅಂತ ಗೊತ್ತಾದ ಮೇಲೆ ನಂಗೆ ತೂಗಕ್ಕೆ ಬರ್ತಿಲ್ಲ.”

“ಸದ್ಯ,” ಎಂದಳು ಅಕ್ಕ.

ಸೂಪು ಕುಡಿಯುವಾಗ ತಂಗಿ ಹೇಳಿದಳು, “ನಾಳೆ ಹೋಗಿ ಏಳನೇದನ್ನ ತೆಗೆಸಿಬಿಡ್ತೀನಿ.”

“ತೆಗೆಸಿದ್ರೆ ನೋಡು ಮತ್ತೆ! ಆಗ ಒಂದು ಪತ್ರಿಕೇನೂ ಒಂದು ಸಾಲು ಬರೀಲಿಲ್ಲ. ಬೈಸಿಕೊಂಡಾದ್ರೂ ಒಂದ್ಸಲ ರೇಡಿಯೋದಲ್ಲಿ ಬರ್ತೀನಲ್ಲ! ಇರಲಿ ಅದು. ಆದ್ರೆ ಎಲ್ಲದನ್ನೂ ಪೂರ್ತಿ ಕೇಳು.”

ಮಾರನೆಯ ದಿನ ಅವಳು ಎಲ್ಲವನ್ನೂ ಮೊದಲಿನಿಂದ ಕೊನೆವರೆಗೆ ಕೇಳಿದಳು. ಗುಂಡಿರಾಯ ಗೊಣಗುತ್ತಲೇ ಹಾಕಿದ. ಮಧ್ಯಾಹ್ನದ ಹೊತ್ತಿಗೆ ಅವನ ತಲೆ ಗುಂಡಿಗಳ ಮೇಲೆ ತೂಗತೊಡಗಿತು. ಅವಳಿಗೂ ಬೆನ್ನು ಬಿಗಿದುಕೊಂಡಿತು, ಎರಡು ಸಲ ಆಕಳಿಸಿದಳು. ಆದರೂ ಬಿಡಲಿಲ್ಲ. ಹಿಂದಿನ ದಿನ ಗೆದ್ದಿದ್ದ ನಾಲ್ಕನೆಯದು ಮೂರನೆಯ ಭಾಗದಲ್ಲಿ ಬರೀ ಗದ್ದಲ ಮಾಡಿ ಕೆಳಗಿಳಿಯಿತು. ಕೈ ಎತ್ತಿ ತಳ್ಳಿಹಾಕಿದ್ದ ಎರಡನೆಯದು ಹೋಗುತ್ತ ಹೋಗುತ್ತ ಮೇಲೇರಿತು. ಏಳನೆಯದರ ಬಗ್ಗೆ ಹಿಂದಿನ ದಿನದ ಮಾತನ್ನು ಹಾಗೇ ಉಳಿಸಿ, ಅದಕ್ಕೆ ಇಷ್ಟು ಸೇರಿಸಿದಳು: “ಇದನ್ನು ನುಡಿಸಿದವರು ನನ್ನ ಅಕ್ಕ. ಕೇಳಿದಾಗ ನನಗೆ ಗುರುತು ಸಿಗಲಿಲ್ಲ. ಎರಡನೆಯ ಭಾಗದ ಬಗ್ಗೆ ತೀರ್ಪು ಹೇಳುವ ಅಧಿಕಾರ ನನಗಿಲ್ಲ. ಪೂರ್ತಿ ಹಾಕುತ್ತಿದ್ದೇನೆ, ನೀವೇ ಕೇಳಿ.”

ನಿರ್ದೇಶಕರು ರೇಗಿದರು. ಕಾರ್ಯಕ್ರಮ ಉದ್ದವಾಗಿ ಹವಾಮಾನ ವರದಿಯನ್ನು ನುಂಗುತ್ತದೆ ಎಂದು ಅವರ ತಕರಾರು. “ಮೇಡಂ, ಜನ ನಿಮ್ಮಿಂದ ತೀರ್ಪು ಕೇಳಕ್ಕೆ ಕಾಯ್ತಾರೆ. ನೀವೇ ಅಂಗಡಿ ಮುಚ್ಚಿದ್ರೆ ಹೇಗೆ?”

“ತಕ್ಕಡಿಗೂ ಒಂದಿಷ್ಟು ರಜೆ ಬೇಕು ಸಾರ್,” ಎಂದಳು. ನಿರ್ದೇಶಕರ ಕಿವಿ ಕೆಂಪಾಯಿತು. ರಜೆ ಕೊಡಲಿಲ್ಲ, ಆದರೆ ವಾರಕ್ಕೊಮ್ಮೆ ಇದ್ದದ್ದನ್ನು ತಿಂಗಳಿಗೊಮ್ಮೆ ಮಾಡಲು ಒಪ್ಪಿದರು.

ಶನಿವಾರ ಅಡುಗೆಮನೆಯಲ್ಲಿ ಇಬ್ಬರೂ ಕೂತು ಕೇಳಿದರು. ‘ಒಪ್ಪಿಸಿದ್ದಾರೆ, ಅಷ್ಟೇ’ ಎಂದಾಗ ಅಕ್ಕ ತಂಗಿಯ ಭುಜಕ್ಕೆ ಒಂದು ಗುದ್ದು ಕೊಟ್ಟಳು. ಎರಡನೆಯ ಭಾಗ ಬಂದಾಗ ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತಳು, ಮುಗಿಯುವವರೆಗೂ ತಿರುಗಲಿಲ್ಲ. ಆಮೇಲೆ ಯಾರದಾದರೂ ಫೋನು ಬರುತ್ತದೇನೋ ಎಂದು ಇಬ್ಬರೂ, ಒಬ್ಬರಿಗೊಬ್ಬರು ತೋರಿಸಿಕೊಳ್ಳದೆ, ಸ್ವಲ್ಪ ಹೊತ್ತು ಕಾದರು. ಕೆಳಗಿನ ಮನೆಯ ಹೆಂಗಸು ಮಾತ್ರ ಮೆಟ್ಟಿಲ ಬಳಿ ಸಿಕ್ಕಾಗ, “ಅದು ನೀವೇ ಅಂತೆ? ನಮ್ಮನೆಯವರು ಕೇಳ್ತಾ ಕೇಳ್ತಾ ಗಡ್ಡ ಹೆರೆಯೋದನ್ನೇ ಮರೆತ್ರು,” ಎಂದಳು. ಅಕ್ಕ ಅದನ್ನೇ ದಿನವಿಡೀ ಮೂರ್ನಾಲ್ಕು ಸಲ ಹೇಳಿ ನಕ್ಕಳು.

ಈಗ ತಂಗಿ ರೆಕಾರ್ಡುಗಳನ್ನು ಮನೆಗೇ ತರುತ್ತಾಳೆ, ಹೆಚ್ಚಲ್ಲ, ಮೂರೋ ನಾಲ್ಕೋ. ಮಕ್ಕಳ ಪಾಠ ಇಲ್ಲದ ಮಧ್ಯಾಹ್ನಗಳಲ್ಲಿ ಅಕ್ಕನ ಕೋಣೆಯಲ್ಲಿ ಕೂತು ಪೂರ್ತಿ ಕೇಳುತ್ತಾರೆ, ಜಗಳವಾಡುತ್ತಾರೆ. ಸುಸ್ತು ಹೋಗಿಲ್ಲ. ಒಂದು ದಿನ, ಯಾರೋ ಭಾರೀ ಹೆಸರಿನವರ ರೆಕಾರ್ಡಿನ ನಡುವೆ, ತಂಗಿ ಕುರ್ಚಿಯಲ್ಲೇ ಬಾಯಿ ತೆರೆದು ನಿದ್ದೆಹೋದಳು. ಅಕ್ಕ ಎದ್ದು ದನಿ ತಗ್ಗಿಸಿದಳು, ನಿಲ್ಲಿಸಲಿಲ್ಲ. ಇವಳು ಎದ್ದ ಮೇಲೆ ಮತ್ತೆ ಮೊದಲಿನಿಂದ ಹಾಕಿದರಾಯಿತು ಎಂದುಕೊಂಡು, ಉಳಿದದ್ದನ್ನು ತಾನೊಬ್ಬಳೇ ಕೇಳುತ್ತ ಕೂತಳು.